ಅದೇ ಮಾತು, ಬೇರೆ ದಿಕ್ಕು



*ಇಂದಿನ ಚಿಂತನೆ: ಸಮ್ಮಾ ವಾಚಾ*

ಸುಳ್ಳು, ಚಾಡಿ, ಬಿರುಸು ಮಾತು, ಹುರುಳಿಲ್ಲದ ಹರಟೆ. ಸಮ್ಮಾ ವಾಚಾ ಎಂದರೆ ಈ ನಾಲ್ಕನ್ನು ಬಿಡುವುದು ಎಂದು ಕಲಿತಿದ್ದೇವೆ. ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಬಾಬಾಸಾಹೇಬರು ಇನ್ನೂ ಒಂದು ಮಾತು ಸೇರಿಸಿದ್ದಾರೆ: ಸರಿಯಾದ ಮಾತು ಅಂಜಿಕೆಯಿಂದಲೋ ಯಾರದೋ ಮರ್ಜಿಗಾಗಿಯೋ ಹುಟ್ಟಬಾರದು, ಆಡಿದ್ದರಿಂದ ನಷ್ಟವಾದೀತು ಎಂಬ ಲೆಕ್ಕ ಅಲ್ಲಿರಬಾರದು. ನನಗೆ ಇದು ನಿಜವಾಗಿ ಅರ್ಥವಾದದ್ದು ಒಂದು ಕಾದಂಬರಿಯಿಂದ, ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದಿಂದ (1965).

ದೂರ್ವಾಸಪುರ ಎಂಬ ಅಗ್ರಹಾರದಲ್ಲಿ ನಾರಣಪ್ಪ ಸಾಯುತ್ತಾನೆ. ಬ್ರಾಹ್ಮಣನಾಗಿ ಹುಟ್ಟಿ ಮಾಂಸ ತಿಂದವನು, ಹೆಂಡ ಕುಡಿದವನು, ಚಂದ್ರಿಯ ಜೊತೆ ಬಾಳಿದವನು. ಹೆಣ ಸುಡುವವರು ಯಾರು? ಗರುಡಾಚಾರ್ಯ, ಲಕ್ಷ್ಮಣಾಚಾರ್ಯ ಇಬ್ಬರೂ ನೆಂಟರೇ. ಸಂಬಂಧ ಎಂದೋ ಹರಿದಿದೆ ಎಂದು ಇಬ್ಬರೂ ಜಾರಿಕೊಳ್ಳುತ್ತಾರೆ. ಆಗ ಚಂದ್ರಿ ತನ್ನ ಮೈಮೇಲಿನ ಬಂಗಾರ ಬಿಚ್ಚಿ ಖರ್ಚಿಗೆಂದು ಮುಂದಿಡುತ್ತಾಳೆ. ಅಲ್ಲಿಂದ ಮುಂದಿನ ಪುಟಗಳನ್ನು ನಿಧಾನವಾಗಿ ಓದಿ. ಅದೇ ಇಬ್ಬರು ಈಗ ಒಬ್ಬರಿಗೊಬ್ಬರು ಗೊತ್ತಾಗದಂತೆ ಪ್ರಾಣೇಶಾಚಾರ್ಯರ ಬಳಿ ಬರುತ್ತಾರೆ. ಧರ್ಮ, ಶಾಸ್ತ್ರ, ನೆಂಟಸ್ತಿಕೆ: ಪದಗಳು ನಿನ್ನೆಯವೇ. ನಿನ್ನೆ ಬಾಗಿಲು ಮುಚ್ಚಿದ ಕೀಲಿಯಿಂದಲೇ ಇಂದು ಬಾಗಿಲು ತೆರೆಯುತ್ತದೆ. ಪದ ಬದಲಾಗಿದ್ದರೆ ಸುಳ್ಳೆಂದು ಹಿಡಿಯಬಹುದಿತ್ತು. ಬದಲಾಗದ್ದರಿಂದಲೇ ಅದು ಶೀಲವಂತರ ಮಾತಿನಂತೆ ಕೇಳುತ್ತದೆ.

ಕೊನೆಗೆ ಹೆಣ ಸುಟ್ಟವನು ಮೀನು ವ್ಯಾಪಾರಿ ಅಹಮದ್ ಬ್ಯಾರಿ. ಎಂದೋ ನಾರಣಪ್ಪ ಎತ್ತು ಕೊಳ್ಳಲು ಸಾಲ ಕೊಟ್ಟಿದ್ದ, ಆ ಋಣ. ರಾತ್ರಿ ಗಾಡಿ ತಂದ, ಕಟ್ಟಿಗೆ ಹೇರಿದ, ಸುಟ್ಟ, ಹೋದ. ಅವನ ಬಾಯಲ್ಲಿ ಧರ್ಮದ ಚರ್ಚೆಯೇ ಇಲ್ಲ.

ನಮ್ಮವರು ಓದಲೇಬೇಕಾದದ್ದು ಶ್ರೀಪತಿ ಮತ್ತು ಬೆಳ್ಳಿಯ ಭಾಗ. ಕಾವ್ಯ, ಯಕ್ಷಗಾನ ಎಂದರೆ ಪ್ರಾಣ ಬಿಡುವ ಬ್ರಾಹ್ಮಣ ಹುಡುಗ ಶ್ರೀಪತಿ. ಹೊಲಗೇರಿಯ ಬೆಳ್ಳಿಯನ್ನು ನೋಡಿದರೆ ಅವನ ಮನಸ್ಸಿಗೆ ಕಾವ್ಯದ ನಾಯಕಿಯರು ಬರುತ್ತಾರೆ. ಆದರೆ ಅವಳು ಬಾಯಿ ಬಿಟ್ಟು, ಕೇರಿಗೆ ಇಲಿ ಬರುತ್ತಿವೆ, ಜನ ಸಾಯುತ್ತಿದ್ದಾರೆ, ಹೆಣದ ಸಮೇತ ಗುಡಿಸಲಿಗೆ ಬೆಂಕಿ ಇಟ್ಟೆವು ಎಂದು ಹೇಳಿದರೆ ಅವನಿಗೆ ಬೇಸರ. ಅವಳ ಮೈ ಬೇಕು, ಮಾತು ಬೇಡ. ಇಡೀ ಅಗ್ರಹಾರ ಒಂದು ಹೆಣದ ಶಾಸ್ತ್ರ ಹುಡುಕುತ್ತಿದ್ದಾಗ ಪ್ಲೇಗಿನ ಸುದ್ದಿ ಅವಳ ಬಾಯಲ್ಲಿತ್ತು. ಕೇಳಿಸಿಕೊಂಡಿದ್ದರೆ ಅವರದೇ ಜೀವ ಉಳಿಯುತ್ತಿತ್ತೇನೋ. ಗರುಡಾಚಾರ್ಯನ ನಾಲಿಗೆಗಿಂತ ಶ್ರೀಪತಿಯ ಕಿವಿ ಹೆಚ್ಚು ಕೆಟ್ಟಿದೆ ಎಂಬುದು ನನ್ನ ಅಭಿಪ್ರಾಯ. (ಅನಂತಮೂರ್ತಿಯವರ ಮೇಲೂ ನನಗೊಂದು ತಕರಾರಿದೆ. ಪ್ರಾಣೇಶಾಚಾರ್ಯರ ಸಂಕಟಕ್ಕೆ ಎಷ್ಟೊಂದು ಪುಟ, ಸುಟ್ಟುಹೋದ ಕೇರಿಗೆ ಕೆಲವೇ ಸಾಲು.)

ಇದು ಮಲೆನಾಡಿನ ಅಗ್ರಹಾರದ ಕತೆ, ನಮಗೇಕೆ ಎನ್ನಬೇಡಿ. 2021ರ ಸೆಪ್ಟೆಂಬರಿನಲ್ಲಿ ನಮ್ಮ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ದಲಿತ ಕುಟುಂಬದ ಪುಟ್ಟ ಕೂಸೊಂದು ಗುಡಿಯೊಳಗೆ ಓಡಿತು. ಊರ ಕೆಲವರು ಆ ಮನೆಯವರಿಂದ 25,000 ರೂಪಾಯಿ ಕೇಳಿದರು. ಅದಕ್ಕೆ ಇಟ್ಟ ಹೆಸರು ‘ಶುದ್ಧಿ’. ದಂಡ ಎಂದಿದ್ದರೆ ದಬ್ಬಾಳಿಕೆ ಎದ್ದು ಕಾಣುತ್ತಿತ್ತು, ಶುದ್ಧಿ ಎಂದರೆ ದೇವರ ಕೆಲಸ. ಪೊಲೀಸರು ಬಂದು ಬಂಧಿಸಿದ ಮೇಲೆ ಅದಕ್ಕೆ ಕಾನೂನಿನ ಹೆಸರು ಸಿಕ್ಕಿತು.

ಇನ್ನು ನಮ್ಮ ಓಣಿಗೆ ಬರೋಣ. ಏಪ್ರಿಲ್ 14ಕ್ಕೆ ಪಟ್ಟಿ ಎತ್ತುತ್ತೇವೆ. ಲೆಕ್ಕ ಕೇಳಿದವನಿಗೆ ‘ಸಮಾಜ ಒಡೆಯುವವ’ ಎನ್ನುತ್ತೇವೆ. ಮರುವರ್ಷ ಅವನೇ ಖಜಾಂಚಿಯಾಗುತ್ತಾನೆ. ಬೇರೊಬ್ಬ ಹುಡುಗ ಲೆಕ್ಕ ಕೇಳಲು ಏಳುತ್ತಾನೆ. ಅವನಿಗೆ ಖಜಾಂಚಿ ಏನೆನ್ನುತ್ತಾನೆ, ಮುಂದಿನ ಸಭೆಯಲ್ಲಿ ಕೇಳಿಸಿಕೊಳ್ಳಿ.

ಭವತು ಸಬ್ಬ ಮಂಗಲಂ.