ಪ್ರಿಂಟ್ ಹಾಕಿದರೆ ಸರಿ, ತೆಗೆದರೆ ತಪ್ಪು!

ಗೆಳೆಯರೇ, ಡೆಮೊ ಹಿಂದಿನ ರಾತ್ರಿ ಪ್ರೋಗ್ರಾಮ್ ಕೈಕೊಡೋದು ನಮಗೇನು ಹೊಸದಲ್ಲ. ಆದರೆ ನಮ್ಮ ಮಿನಿ ಪ್ರಾಜೆಕ್ಟ್‌ನಲ್ಲಿ ಆದದ್ದು ಸ್ವಲ್ಪ ವಿಚಿತ್ರ. ಮೂರು ಸೆನ್ಸರ್‌ಗಳ ಅಳತೆಗಳನ್ನು ಕ್ರಮವಾಗಿ 2, 5, 10ರಿಂದ ಗುಣಿಸಬೇಕಿತ್ತು. ಅದಕ್ಕೆ ಆರ್ ಭಾಷೆಯಲ್ಲಿ ‘ಗುಣಕ’ ಅಂತ ಒಂದು ಫಂಕ್ಷನ್ ಬರೆದೆವು. ‘ಕ’ ಎಂಬ ಸಂಖ್ಯೆ ಕೊಟ್ಟರೆ, ಅಳತೆಯನ್ನು ‘ಕ’ದಿಂದ ಗುಣಿಸುವ ಹೊಸ ಫಂಕ್ಷನ್ ಒಂದನ್ನು ಅದು ವಾಪಸ್ ಕೊಡುತ್ತೆ. ಫಾರ್ ಲೂಪ್‌ನಲ್ಲಿ ‘ಮ’ ಎಂಬ ವೇರಿಯೇಬಲ್ 2, 5, 10 ಆಗುತ್ತಾ ಹೋದಂತೆ ಗುಣಕಕ್ಕೆ ‘ಮ’ ಕೊಟ್ಟು, ಬಂದ ಮೂರು ಫಂಕ್ಷನ್‌ಗಳನ್ನು ಲಿಸ್ಟ್‌ನಲ್ಲಿ ಇಟ್ಟೆವು.

ಲೂಪ್ ಮುಗಿದ ಮೇಲೆ ಮೂರಕ್ಕೂ 4 ಕೊಟ್ಟೆವು. ಬರಬೇಕಿದ್ದದ್ದು 8, 20, 40. ಬಂದದ್ದು 40, 40, 40! ತಪ್ಪು ಹುಡುಕಲು ಗುಣಕದ ಒಳಗೆ ‘ಕ’ವನ್ನು ಪ್ರಿಂಟ್ ಮಾಡುವ ಸಾಲು ಸೇರಿಸಿದರೆ ಉತ್ತರ ಸರಿ. ಸಾಲು ತೆಗೆದರೆ ಮತ್ತೆ ತಪ್ಪು. ಇದೇನು ಮಾಟ?

ಮಾಟ ಅಲ್ಲ, ಸೋಮಾರಿತನ. ಫಂಕ್ಷನ್‌ಗೆ ಕೊಟ್ಟ ಆರ್ಗ್ಯುಮೆಂಟನ್ನು ಆರ್ ಕೂಡಲೇ ಲೆಕ್ಕ ಹಾಕುವುದಿಲ್ಲ. ಎರಡು ವಿಷಯ ಮಾತ್ರ ಬರೆದಿಟ್ಟುಕೊಳ್ಳುತ್ತದೆ: ನಾವು ಕೊಟ್ಟ ಎಕ್ಸ್‌ಪ್ರೆಶನ್ ಯಾವುದು, ಅದರ ವೇರಿಯೇಬಲ್‌ಗಳನ್ನು ಎಲ್ಲಿ ಹುಡುಕಬೇಕು. ಇದಕ್ಕೆ ಪ್ರಾಮಿಸ್ ಎನ್ನುತ್ತಾರೆ. ಮೊದಲ ಸಲ ಬೇಕಾದಾಗ ಲೆಕ್ಕ ಹಾಕಿ, ಬಂದ ಬೆಲೆಯನ್ನು ನೆನಪಿಟ್ಟುಕೊಳ್ಳುತ್ತದೆ.

ಕ್ಯಾಂಟೀನ್‌ನಲ್ಲಿ ‘ಬೋರ್ಡ್‌ನಲ್ಲಿರುವ ತಿಂಡಿ’ ಅಂತ ಟೋಕನ್ ತಗೊಂಡಿರಿ ಅಂದುಕೊಳ್ಳಿ. ಆಗ ಬೋರ್ಡ್‌ನಲ್ಲಿ ಇಡ್ಲಿ ಇತ್ತು. ಟೋಕನ್ ಜೇಬಲ್ಲಿಟ್ಟು ಕ್ಲಾಸ್ ಮುಗಿಸಿ ಬಂದರೆ ಬೋರ್ಡ್‌ನಲ್ಲಿ ಚಿತ್ರಾನ್ನ. ಸಿಗೋದು ಚಿತ್ರಾನ್ನವೇ! ನಮ್ಮ ಮೂರು ಟೋಕನ್‌ಗಳಲ್ಲೂ ‘ಮ’ ಅಂತಲೇ ಬರೆದಿತ್ತು. ಬಳಸುವ ಹೊತ್ತಿಗೆ ‘ಮ’ 10 ಆಗಿತ್ತು. ಪ್ರಿಂಟ್ ಹಾಕಿದಾಗ ಪ್ರತಿ ಟೋಕನ್ನೂ ಆಗಲೇ ಖರ್ಚಾಗಿ, ಸರಿಯಾದ ಬೆಲೆ ಉಳಿಯಿತು.

ಹಾಗಾದರೆ ಪರಿಹಾರ? ಗುಣಕದ ಮೊದಲ ಸಾಲಿನಲ್ಲಿ ‘ಕ’ಕ್ಕೆ ಫೋರ್ಸ್ ಫಂಕ್ಷನ್ ಹಾಕಿದರೆ ಸಾಕು. 2015ರಲ್ಲಿ ಬಂದ ಆರ್ 3.2.0ರಿಂದ ಎಲ್‌ಅಪ್ಲೈ ತರಹದ ಫಂಕ್ಷನ್‌ಗಳು ಈ ಕೆಲಸವನ್ನು ತಾವೇ ಮಾಡುತ್ತವೆ. ಫಾರ್ ಲೂಪ್‌ನಲ್ಲಿ ಮಾತ್ರ ಎಚ್ಚರ ನಮ್ಮದೇ.

ಪೈಥಾನ್‌ನಲ್ಲಿ ಇದೇ ಗುಣಕ ಬರೆದರೆ ತೊಂದರೆ ಇಲ್ಲ, ಅಲ್ಲಿ ಆರ್ಗ್ಯುಮೆಂಟ್ ಕರೆದಾಗಲೇ ಲೆಕ್ಕವಾಗುತ್ತದೆ. ಆದರೆ ಲೂಪ್ ಒಳಗೆ ನೇರವಾಗಿ ಲ್ಯಾಂಬ್ಡಾ ಬರೆದು ಅದರಲ್ಲಿ ‘ಮ’ ಬಳಸಿದರೆ ಅಲ್ಲೂ 40, 40, 40! ಕಾರಣ ಬೇರೆ: ಲ್ಯಾಂಬ್ಡಾ ಹಿಡಿದಿಡುವುದು ವೇರಿಯೇಬಲನ್ನು, ಬೆಲೆಯನ್ನಲ್ಲ. ರೋಗಲಕ್ಷಣ ಒಂದೇ, ರೋಗ ಎರಡು.

ಇಷ್ಟು ಕಾಟ ಇದ್ದರೂ ಆರ್‌ನಲ್ಲಿ ಈ ಸೋಮಾರಿತನ ಯಾಕೆ? ಲಾಭ ಇದೆ. ಪ್ಲಾಟ್ ಫಂಕ್ಷನ್‌ಗೆ ಎರಡು ವೇರಿಯೇಬಲ್ ಕೊಟ್ಟರೆ ಗ್ರಾಫ್‌ನ ಅಕ್ಷಗಳ ಮೇಲೆ ಅವುಗಳ ಹೆಸರು ತಾನಾಗಿ ಬರುತ್ತಲ್ಲ, ಅದು ಎಕ್ಸ್‌ಪ್ರೆಶನ್ ಉಳಿದಿರೋದರಿಂದಲೇ. ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ಆರ್ ಕಟ್ಟಿದ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ ಬರವಣಿಗೆಯ ರೂಪವನ್ನು ಎಸ್ ಭಾಷೆಯಿಂದ, ಸ್ಕೋಪ್ ನಿಯಮವನ್ನು ಸ್ಕೀಮ್‌ನಿಂದ ತಂದರು.

ಕೊನೆಗೆ ನಿಮಗೊಂದು ಲೆಕ್ಕ. ಒಂದು ಆರ್ ಫಂಕ್ಷನ್‌ಗೆ ‘ಅ’, ‘ಬ’ ಎಂಬ ಎರಡು ಆರ್ಗ್ಯುಮೆಂಟ್. ‘ಬ’ದ ಡೀಫಾಲ್ಟ್ ಬೆಲೆ ‘ಅ’ದ ಎರಡರಷ್ಟು. ಒಳಗೆ ಮೊದಲ ಸಾಲಿನಲ್ಲೇ ‘ಅ’ವನ್ನು 100 ಮಾಡಿ, ನಂತರ ‘ಬ’ ವಾಪಸ್ ಕೊಡುತ್ತೇವೆ. ‘ಅ’ಕ್ಕೆ 5 ಕೊಟ್ಟು ಕರೆದರೆ ಬರುವುದು 10 ಅಲ್ಲ, 200. ಡೀಫಾಲ್ಟ್ ಬೆಲೆ ಫಂಕ್ಷನ್ ಒಳಗಿನ ಹೆಸರುಗಳನ್ನು ನೋಡುತ್ತದೆ. ಹಾಗಾದರೆ ಹೊರಗೆ ‘ಅ’ 7 ಇದ್ದು, ಕರೆಯುವಾಗ ನಾವೇ ‘ಬ’ಕ್ಕೆ ‘ಅ’ದ ಎರಡರಷ್ಟು ಅಂತ ಬರೆದುಕೊಟ್ಟರೆ ಎಷ್ಟು ಬರುತ್ತೆ? ಊಹಿಸಿ, ಆಮೇಲೆ ರನ್ ಮಾಡಿ ನೋಡಿ.