ಸೊಪ್ಪನ್ನು ಒಲ್ಲದ ಮಕ್ಕಳಿಗೆ ಹಸಿರು ಪಾನಕ

ಪೀಠಿಕೆ

ವ್ಯವಸಾಯಗಾರರ ಮನೆಯಲ್ಲಿ ಸೊಪ್ಪಿಗೆ ಕೊರತೆಯುಂಟಾಗುವುದು ಅಪರೂಪ. ಹಿತ್ತಲಿನಲ್ಲಿ ನುಗ್ಗೆ, ಬಚ್ಚಲಿನ ಬಳಿ ಬಸಳೆ, ಮಡಿಗಳಲ್ಲಿ ದಂಟು ಹರಿವೆ ಮೊದಲಾದುವು ವರ್ಷದ ಬಹುಭಾಗ ಹಸುರಾಗಿಯೇ ಇರುತ್ತವೆ. ಆದರೆ ಅದೇ ಮನೆಯ ಮಕ್ಕಳ ತಟ್ಟೆಯನ್ನು ನೋಡಿದರೆ, ಸಾರಿನಲ್ಲಿದ್ದ ಸೊಪ್ಪೆಲ್ಲವೂ ಅಂಚಿಗೆ ಸರಿದಿರುವುದು ಕಂಡುಬರುತ್ತದೆ. ತಾಯಿ ಗದರಿಸುತ್ತಾಳೆ, ಅಜ್ಜಿ ರಮಿಸುತ್ತಾಳೆ, ಮಗು ಬಾಯಿ ಬಿಗಿದುಕೊಂಡು ಕೂರುತ್ತದೆ. ಕಡೆಗೆ ಆ ಸೊಪ್ಪು ಕಲಗಚ್ಚಿನ ಬಾನಿಯನ್ನು ಸೇರುತ್ತದೆ. ಹೀಗೆ ಮಗುವಿಗೆ ಸಲ್ಲಬೇಕಾದ ಪುಷ್ಟಿಯು ಎಮ್ಮೆಗೆ ಸಲ್ಲುತ್ತದೆ.

ಇದನ್ನು ಅಲ್ಪ ವಿಷಯವೆಂದು ಎಣಿಸತಕ್ಕದ್ದಲ್ಲ. 2019–21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳ ಪೈಕಿ ದೇಶದಲ್ಲಿ ನೂರಕ್ಕೆ 67 ಮಂದಿಗೂ, ಕರ್ನಾಟಕದಲ್ಲಿ ನೂರಕ್ಕೆ 65 ಮಂದಿಗೂ ರಕ್ತಹೀನತೆಯಿರುವುದಾಗಿ ಕಂಡುಬಂದಿತು. ಈ ನ್ಯೂನತೆಯು ಬಡವರ ಮನೆಗೆ ಮಾತ್ರ ಸೇರಿದುದೆಂದು ತಿಳಿಯುವುದು ತಪ್ಪು. ಕಣಜ ತುಂಬಿದ ಮನೆಯಲ್ಲಿಯೂ, ಅನ್ನ ಮತ್ತು ಸಿಹಿತಿಂಡಿಗಳಿಂದಲೇ ಹೊಟ್ಟೆ ತುಂಬಿಸಿಕೊಳ್ಳುವ ಮಗುವು ಬಿಳಿಚಿಕೊಂಡು, ಬೇಗನೆ ಆಯಾಸಪಟ್ಟು, ಪಾಠದಲ್ಲಿ ಮನಸ್ಸಿಲ್ಲದೆ ಇರುವುದುಂಟು.

ಮಗುವು ಅಗಿದು ತಿನ್ನಲು ಒಪ್ಪದ ಸೊಪ್ಪನ್ನು ಹಣ್ಣಿನೊಡನೆ ನುಣ್ಣಗೆ ಅರೆದು ಪಾನಕವಾಗಿ ಕೊಟ್ಟರೆ, ಅನೇಕ ವೇಳೆ ಅದನ್ನು ಸಂತೋಷದಿಂದ ಕುಡಿಯುತ್ತದೆ. ಪಟ್ಟಣಗಳಲ್ಲಿ ಇಂಥ ಪಾನೀಯವು ಗ್ರೀನ್ ಸ್ಮೂದಿ ಎಂಬ ಹೆಸರಿನಿಂದ ಬಹಳ ಬೆಲೆಗೆ ಮಾರಾಟವಾಗುತ್ತಿದೆ. ಆದರೆ ಸೊಪ್ಪನ್ನು ಅರೆದು ಬಳಸುವ ಕ್ರಮವು ನಮ್ಮವರಿಗೆ ಹೊಸದಲ್ಲ. ಮಲೆನಾಡಿನಲ್ಲಿ ಒಂದೆಲಗ, ದೊಡ್ಡಪತ್ರೆ ಮುಂತಾದುವನ್ನು ತೆಂಗಿನಕಾಯಿಯೊಡನೆ ಅರೆದು ಮಜ್ಜಿಗೆಯಲ್ಲಿ ಕಲಸಿ ಮಾಡುವ ತಂಬುಳಿಯು ಇದೇ ಜಾತಿಯದು. ತಂಬುಳಿಯ ಉಪ್ಪು ಹುಳಿಗೆ ಬದಲಾಗಿ ಹಣ್ಣಿನ ಸಿಹಿಯನ್ನು ಸೇರಿಸಿದರೆ ಈ ಪಾನಕವಾಗುವುದು.

ಸೊಪ್ಪಿನಲ್ಲಿರುವ ಸತ್ವಗಳು

ಹಸಿರು ಸೊಪ್ಪುಗಳಲ್ಲಿ ಮುಖ್ಯವಾಗಿ ಕಬ್ಬಿಣಾಂಶ, ಸುಣ್ಣದ ಅಂಶ, ‘ಸಿ’ ಜೀವಸತ್ವ, ನಾರು ಹಾಗೂ ಕ್ಯಾರೊಟೀನ್ ಎಂಬ ವರ್ಣದ್ರವ್ಯವಿರುತ್ತವೆ. ಗಜ್ಜರಿಗೆ ಕೆಂಬಣ್ಣವನ್ನು ಕೊಡುವ ಈ ಕ್ಯಾರೊಟೀನ್, ಸೊಪ್ಪಿನಲ್ಲಿ ಹಸಿರು ಬಣ್ಣದ ಮರೆಯಲ್ಲಿ ಅಡಗಿರುತ್ತದೆ. ದೇಹವು ಇದನ್ನು ‘ಎ’ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುತ್ತದೆ. ‘ಎ’ ಜೀವಸತ್ವವು ಬಹಳ ಕಡಮೆಯಾದ ಮಗುವಿಗೆ ಮೊದಲು ಇರುಳುಗುರುಡು ಉಂಟಾಗುತ್ತದೆ. ಹಗಲೆಲ್ಲಾ ಓಡಾಡಿಕೊಂಡಿದ್ದ ಮಗುವು ಮುಸ್ಸಂಜೆಯಲ್ಲಿ ಹೊಸ್ತಿಲನ್ನು ಎಡವುತ್ತದೆ, ಮುಂದಿಟ್ಟ ತಟ್ಟೆಗಾಗಿ ತಡಕಾಡುತ್ತದೆ. ಆಗಲೂ ಉಪೇಕ್ಷೆ ಮಾಡಿದರೆ ಕಣ್ಣಿನ ಗುಡ್ಡೆಯೇ ಕೆಟ್ಟು ಶಾಶ್ವತವಾದ ಕುರುಡು ಪ್ರಾಪ್ತವಾಗಬಹುದು. ಈ ಕಾರಣದಿಂದಲೇ ಭಾರತ ಸರ್ಕಾರವು 1970ರಲ್ಲಿ ಮಕ್ಕಳಿಗೆ ‘ಎ’ ಜೀವಸತ್ವವನ್ನು ಕುಡಿಸುವ ಕಾರ್ಯಕ್ರಮವನ್ನು ಆರಂಭಿಸಿತು.

ಎರಡು ಸೂಕ್ಷ್ಮಗಳನ್ನು ಇಲ್ಲಿ ತಿಳಿದಿರಬೇಕು. ಮೊದಲನೆಯದು, ಕ್ಯಾರೊಟೀನ್ ನೀರಿನಲ್ಲಿ ಕರಗದೆ ಜಿಡ್ಡಿನಲ್ಲಿ ಕರಗತಕ್ಕದ್ದು. ಜಿಡ್ಡಿಲ್ಲದೆ ಸೊಪ್ಪನ್ನು ಕುಡಿದರೆ ಅದರ ಬಹುಭಾಗ ದೇಹಕ್ಕೆ ಹತ್ತದೆ ಹೊರಟುಹೋಗುತ್ತದೆ. ಎರಡನೆಯದು, ಸೊಪ್ಪಿನ ಮತ್ತು ಧಾನ್ಯದ ಕಬ್ಬಿಣಾಂಶವನ್ನು ದೇಹವು ಸುಲಭವಾಗಿ ಹೀರಿಕೊಳ್ಳಲಾರದು. ಜೊತೆಯಲ್ಲಿ ‘ಸಿ’ ಜೀವಸತ್ವವಿದ್ದರೆ ಹೆಚ್ಚಾಗಿ ಹೀರಿಕೊಳ್ಳುತ್ತದೆ. ಆದುದರಿಂದ ಮುಂದೆ ಹೇಳುವ ಪಾನಕದಲ್ಲಿ ತೆಂಗಿನ ತುರಿಯೂ ನಿಂಬೆಯ ರಸವೂ ರುಚಿಗಾಗಿ ಮಾತ್ರ ಸೇರಿದುವಲ್ಲ. ಇವೆರಡನ್ನು ಬಿಟ್ಟು ಮಾಡಿದ ಪಾನಕವು ಬಣ್ಣಕ್ಕೆ ಹಸುರಾಗಿದ್ದರೂ ಗುಣದಲ್ಲಿ ಕಡಮೆಯಾಗುವುದು.

ಸೊಪ್ಪುಗಳ ಪೈಕಿ ನುಗ್ಗೆಸೊಪ್ಪು ಶ್ರೇಷ್ಠವಾದುದು. ತೂಕಕ್ಕೆ ತೂಕ ಹೋಲಿಸಿದರೆ, ಹಸುವಿನ ಹಾಲಿಗಿಂತ ಎರಡು ಪಟ್ಟಿಗೂ ಹೆಚ್ಚಾದ ಸುಣ್ಣದ ಅಂಶ ಇದರಲ್ಲಿದೆ. ಕ್ಯಾರೊಟೀನ್ ಕೂಡ ಹೇರಳವಾಗಿದೆ. ಆದರೆ ಇದರ ಒಗರು ಬೇಗನೆ ನಾಲಗೆಗೆ ತಿಳಿಯುವುದರಿಂದ ಸ್ವಲ್ಪವಾಗಿ ಹಾಕಬೇಕು. ಹರಿವೆಯೂ ಪಾಲಕವೂ ಸಪ್ಪೆಯಾದುದರಿಂದ ಹಣ್ಣಿನಲ್ಲಿ ಸುಲಭವಾಗಿ ಮರೆಯಾಗುವುವು. ಕೆಂಪು ಹರಿವೆಯು ಗುಣದಲ್ಲಿ ಕಡಮೆಯಲ್ಲವಾದರೂ ಪಾನಕಕ್ಕೆ ಕೆಸರಿನ ಬಣ್ಣವನ್ನು ಕೊಡುವುದರಿಂದ ಅದನ್ನು ಸಾರಿಗೇ ಇಟ್ಟುಕೊಳ್ಳುವುದು ಮೇಲು. ಮೆಂತ್ಯದ ಸೊಪ್ಪು ಕಹಿಯಾದುದರಿಂದ ಮಕ್ಕಳ ಪಾನಕಕ್ಕೆ ಯೋಗ್ಯವಲ್ಲ.

ಬೇಕಾದ ಪದಾರ್ಥಗಳು

ಐದು ವರ್ಷಕ್ಕೆ ಮೇಲ್ಪಟ್ಟ ನಾಲ್ಕು ಮಕ್ಕಳಿಗೆ ಈ ಪ್ರಮಾಣವು ಸಾಕು.

1. ಎಳೆಯ ಹಸಿರು ಹರಿವೆ ಅಥವಾ ಪಾಲಕ್ 60 ಗ್ರಾಂ, ಎಂದರೆ ಎರಡು ದೊಡ್ಡ ಹಿಡಿ. ನುಗ್ಗೆಸೊಪ್ಪಾದರೆ 30 ಗ್ರಾಂ.
2. ಚೆನ್ನಾಗಿ ಕಳಿತ ಪಚ್ಚಬಾಳೆಹಣ್ಣು 2.
3. ಅನಾನಸ್ ಅಥವಾ ಪರಂಗಿಹಣ್ಣಿನ ಹೋಳುಗಳು 150 ಗ್ರಾಂ.
4. ಸಿಪ್ಪೆ ತೆಗೆದ ಎಳೆಯ ಸೌತೆಕಾಯಿ 1, ಸಣ್ಣದು.
5. ಹಸಿ ತೆಂಗಿನ ತುರಿ 2 ದೊಡ್ಡ ಚಮಚ.
6. ನಿಂಬೆಹಣ್ಣು 1, ಶುಂಠಿಯ ಸಣ್ಣ ಚೂರು, ಏಲಕ್ಕಿ 1.
7. ಕಾಯಿಸಿ ಆರಿಸಿದ ನೀರು 1 ಲೋಟ.

ಸಕ್ಕರೆ ಬೇಕಿಲ್ಲ. ಬಾಳೆಹಣ್ಣು ಕಳಿತಷ್ಟೂ ಸಿಹಿಯು ಹೆಚ್ಚುವುದಲ್ಲದೆ ಸೊಪ್ಪಿನ ವಾಸನೆಯೂ ಅಡಗುತ್ತದೆ. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಂದು ಅಂಗಡಿಯಲ್ಲಿ ಬೆಲೆ ಬಾರದ ಹಣ್ಣೇ ಇದಕ್ಕೆ ಉತ್ತಮ. ಸೀಬೆಯ ಕಾಲದಲ್ಲಿ ಅನಾನಸ್ಸಿಗೆ ಬದಲು ಸೀಬೆಹಣ್ಣನ್ನು ಹಾಕಬಹುದು. ಇದರಲ್ಲಿ ಕಿತ್ತಳೆಗಿಂತ ಹಲವು ಪಟ್ಟು ‘ಸಿ’ ಜೀವಸತ್ವವಿದೆ. ಆದರೆ ಬೀಜಗಳು ಬಾಯಿಗೆ ಸಿಕ್ಕುವುದರಿಂದ ಸೀಬೆಯನ್ನು ಮಾತ್ರ ಮೊದಲೇ ಅರೆದು ಸೋಸಿಕೊಳ್ಳಬೇಕು. ಮಾವಿನ ಕಾಲದಲ್ಲಿ ಮಾವಿಗಿಂತ ಬೇರೆ ಹಣ್ಣು ಬೇಕಾಗುವುದಿಲ್ಲ.

ಮಾಡುವ ಕ್ರಮ

ಸೊಪ್ಪಿನಲ್ಲಿರುವ ಹುಳು, ಹಣ್ಣೆಲೆ ಮತ್ತು ಬಲಿತ ದಂಟುಗಳನ್ನು ಆರಿಸಿ ತೆಗೆದು, ಮಣ್ಣು ತಳದಲ್ಲಿ ನಿಲ್ಲದಿರುವವರೆಗೆ ಮೂರು ನಾಲ್ಕು ನೀರಿನಲ್ಲಿ ತೊಳೆಯಬೇಕು. ಬಳಿಕ ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆದು, ಒಡನೆಯೇ ಕಾಯಿಸಿ ಆರಿಸಿದ ತಣ್ಣೀರಿಗೆ ಹಾಕಬೇಕು. ಈ ಕೆಲಸವನ್ನು ಬೇಸರಪಟ್ಟು ಬಿಡತಕ್ಕದ್ದಲ್ಲ. ಹೀಗೆ ಮಾಡುವುದರಿಂದ ಸೊಪ್ಪಿಗೆ ಅಂಟಿದ ರೋಗಾಣುಗಳು ನಾಶವಾಗುತ್ತವೆ, ಹಸಿವಾಸನೆ ಹೋಗುತ್ತದೆ, ಹರಿವೆ, ಪಾಲಕ್, ಬಸಳೆಗಳಲ್ಲಿರುವ ಆಕ್ಸಾಲಿಕ್ ಆಮ್ಲದ ಒಂದು ಭಾಗವು ನೀರಿಗೆ ಇಳಿಯುತ್ತದೆ. ಆ ನೀರನ್ನು ಚೆಲ್ಲಿಬಿಡಬೇಕು. ಬಿಸಿನೀರಿನಲ್ಲಿ ‘ಸಿ’ ಜೀವಸತ್ವವು ಸ್ವಲ್ಪ ನಷ್ಟವಾಗುವುದು ನಿಜ. ಕಡೆಯಲ್ಲಿ ಸೇರಿಸುವ ನಿಂಬೆರಸವು ಅದನ್ನು ತುಂಬಿಕೊಡುತ್ತದೆ.

ಮೊದಲು ಸೊಪ್ಪು, ತೆಂಗಿನ ತುರಿ, ಶುಂಠಿ, ಏಲಕ್ಕಿಗಳನ್ನು ಅರ್ಧ ಲೋಟ ನೀರಿನೊಡನೆ ಗಂಧದಂತೆ ನುಣ್ಣಗೆ ಅರೆಯಬೇಕು. ಮಿಕ್ಸಿಯಲ್ಲಿ ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಹಣ್ಣು ಬೇಗ ಅರೆದುಹೋಗಿ, ಸೊಪ್ಪು ಮಾತ್ರ ಚೂರುಚೂರಾಗಿ ಉಳಿಯುತ್ತದೆ. ಮಗುವಿನ ನಾಲಗೆಗೆ ಅಂಥ ಒಂದು ಚೂರು ಸಿಕ್ಕಿದರೂ ಸಾಕು, ಮಾರನೆಯ ದಿನ ಲೋಟವನ್ನು ಮುಟ್ಟುವುದಿಲ್ಲ. ವಿದ್ಯುತ್ತಿಲ್ಲದ ವೇಳೆಯಲ್ಲಿ ಒರಳುಕಲ್ಲಿನಲ್ಲಿಯೂ ಇದನ್ನು ಚೆನ್ನಾಗಿ ಅರೆಯಬಹುದು. ಸೊಪ್ಪು ನುಣ್ಣಗಾದ ಮೇಲೆ ಹಣ್ಣು, ಸೌತೆಕಾಯಿ ಮತ್ತು ಉಳಿದ ನೀರನ್ನು ಸೇರಿಸಿ ಮತ್ತೊಮ್ಮೆ ಅರೆದು, ನಿಂಬೆಯ ರಸವನ್ನು ಹಿಂಡಬೇಕು. ಸಿದ್ಧವಾದ ಪಾನಕವನ್ನು ಸೋಸಕೂಡದು; ಸೋಸಿದರೆ ನಾರೆಲ್ಲವೂ ಬಟ್ಟೆಯಲ್ಲಿಯೇ ಉಳಿಯುವುದು.

ಪಾನಕವನ್ನು ಮಾಡಿದ ಅರ್ಧ ಗಂಟೆಯೊಳಗೆ ಕುಡಿಯುವುದು ಉತ್ತಮ. ಹೊತ್ತು ಕಳೆದಂತೆ ಬಣ್ಣ ಕಂದುವುದಲ್ಲದೆ ಸತ್ವವೂ ಕುಗ್ಗುತ್ತದೆ. ಊಟದ ಜೊತೆಯಲ್ಲಿ ಒಂದು ಸಣ್ಣ ಲೋಟ ಕೊಟ್ಟರೆ, ಇದರಲ್ಲಿರುವ ‘ಸಿ’ ಜೀವಸತ್ವವು ಮುದ್ದೆ ಮತ್ತು ಬೇಳೆಯ ಕಬ್ಬಿಣಾಂಶಕ್ಕೂ ಸಹಾಯಕವಾಗುವುದು. ಊಟದ ಹೊತ್ತಿನಲ್ಲಿ ಚಹ ಕಾಫಿಗಳನ್ನು ಕೊಟ್ಟರೆ ಈ ಪ್ರಯೋಜನವು ಕುಗ್ಗುತ್ತದೆ.

ಮಕ್ಕಳಿಗೆ ಅಭ್ಯಾಸ ಮಾಡಿಸುವ ರೀತಿ

ಮೊದಲ ದಿನವೇ ಪೂರ್ತಿ ಪ್ರಮಾಣದ ಸೊಪ್ಪನ್ನು ಹಾಕುವುದು ಅವಿವೇಕ. ಹತ್ತು ಹದಿನೈದು ಎಲೆಗಳಿಂದ ಆರಂಭಿಸಿ ಮೂರು ನಾಲ್ಕು ದಿನಗಳಿಗೊಮ್ಮೆ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತಾ ಹೋದರೆ ಮಗುವಿಗೆ ಭೇದವೇ ತೋರುವುದಿಲ್ಲ. ಬಣ್ಣವನ್ನು ಕಂಡು ಹಿಂಜರಿಯುವ ಮಗುವಿಗೆ ಗಾಜಿನ ಲೋಟಕ್ಕೆ ಬದಲಾಗಿ ಸ್ಟೀಲಿನ ಲೋಟದಲ್ಲಿ ಕೊಡಬೇಕು. ಬಲಾತ್ಕಾರದಿಂದ ಬಾಯಿಗೆ ಸುರಿಯುವುದು ಎಂದಿಗೂ ಕೂಡದು.

ಆದರೆ ಒಂದು ಮಾತನ್ನು ಮರೆಯಬಾರದು. ಮೇಲಿನ ಲೆಕ್ಕದಂತೆ ಒಂದೊಂದು ಮಗುವಿಗೆ ಸೇರುವ ಹರಿವೆಯು 15 ಗ್ರಾಂ ಮಾತ್ರ. ಏನೂ ತಿನ್ನದಿದ್ದ ಮಗುವಿಗೆ ಇದು ಲಾಭವೇ ಸರಿ. ಆದರೂ ದಿನದ ಅವಶ್ಯಕತೆಗೆ ಸಾಲದು. ವಯಸ್ಕರಿಗೆ ಹಣ್ಣು ತರಕಾರಿಗಳು ಸೇರಿ ದಿನಕ್ಕೆ 400 ಗ್ರಾಮಿಗೆ ಕಡಮೆಯಿಲ್ಲದೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಮರೆಮಾಡಿ ಕುಡಿಸಿದ ಮಾತ್ರಕ್ಕೆ ಮಗುವು ಸೊಪ್ಪನ್ನು ತಿನ್ನಲು ಕಲಿಯುವುದೂ ಇಲ್ಲ. ಆದುದರಿಂದ ಪಾನಕವನ್ನು ಕೊಡುವಾಗಲೂ ತಟ್ಟೆಯಲ್ಲಿ ಒಂದು ತುತ್ತಿನಷ್ಟು ಪಲ್ಯವನ್ನು ಬಡಿಸುತ್ತಿರಬೇಕು. ಒಂದೇ ಪದಾರ್ಥವನ್ನು ಎಂಟು ಹತ್ತು ಬಾರಿ ರುಚಿ ನೋಡಿದ ಮೇಲೆಯೇ ಅನೇಕ ಮಕ್ಕಳು ಅದನ್ನು ಒಪ್ಪಿಕೊಳ್ಳುತ್ತಾರೆ. ಪಾನಕವು ರೂಢಿಯಾದ ಬಳಿಕ ಅದರಲ್ಲಿರುವುದೇನೆಂಬುದನ್ನು ಮಗುವಿಗೆ ತಿಳಿಸಿ, ಮಡಿಯಿಂದ ಸೊಪ್ಪನ್ನು ಕುಯ್ದು ತರುವ ಕೆಲಸವನ್ನು ಅದಕ್ಕೇ ಒಪ್ಪಿಸಬೇಕು. ಮುಚ್ಚಿಟ್ಟ ವಿಷಯವು ತಾನಾಗಿ ಬಯಲಾದರೆ ಮಗುವಿಗೆ ತಾಯಿಯ ಕೈಯಡಿಗೆಯಲ್ಲಿಯೇ ನಂಬಿಕೆ ತಪ್ಪುವುದು.

ಎಚ್ಚರಿಕೆಗಳು

1. ಆರು ತಿಂಗಳು ತುಂಬದ ಕೂಸಿಗೆ ತಾಯಿಯ ಹಾಲಲ್ಲದೆ ಬೇರೆ ಏನನ್ನೂ ಕೊಡತಕ್ಕದ್ದಲ್ಲ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪವನ್ನು ಯಾವ ರೂಪದಲ್ಲಿಯೂ ಕೊಡಕೂಡದು.

2. ಸೌತೆಕಾಯಿ ಅಥವಾ ಸೋರೆಕಾಯಿಯನ್ನು ಹಾಕುವ ಮೊದಲು ಒಂದು ಚೂರನ್ನು ದೊಡ್ಡವರು ನಾಲಗೆಗೆ ಮುಟ್ಟಿಸಿ ನೋಡಬೇಕು. ಕಹಿಯಾಗಿದ್ದರೆ ಒಡನೆಯೇ ಉಗುಳಿ, ಕಾಯಿಯನ್ನು ಎಸೆದುಬಿಡಬೇಕು. ಕಹಿ ಸೋರೆಯ ಹಸಿರಸವು ವಿಷಸಮಾನವಾದುದು. ಅದನ್ನು ಆರೋಗ್ಯಕ್ಕೆ ಒಳ್ಳೆಯದೆಂದು ಕುಡಿದು ಪ್ರಾಣ ಕಳೆದುಕೊಂಡವರಿದ್ದಾರೆ.

3. ಔಷಧಿ ಸಿಂಪಡಿಸಿದ ತೋಟದ ಸೊಪ್ಪನ್ನೂ, ಚರಂಡಿಯ ನೀರಿನಲ್ಲಿ ಬೆಳೆದ ಸೊಪ್ಪನ್ನೂ ಬಳಸಕೂಡದು.

4. ಮೂತ್ರಕೋಶದ ಕಲ್ಲಿನ ತೊಂದರೆಯಿರುವವರು, ಸಕ್ಕರೆ ಕಾಯಿಲೆಯವರು ಮತ್ತು ರಕ್ತ ಹೆಪ್ಪುಗಟ್ಟದಂತೆ ಔಷಧಿ ಸೇವಿಸುವವರು ವೈದ್ಯರನ್ನು ಕೇಳದೆ ಇದನ್ನು ನಿತ್ಯವೂ ಕುಡಿಯಬಾರದು.

5. ಇರುಳುಗುರುಡು ಅಥವಾ ಹೆಚ್ಚಾದ ರಕ್ತಹೀನತೆ ಕಂಡ ಮಗುವನ್ನು ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಈ ಪಾನಕವು ಆಹಾರವೇ ಹೊರತು ಔಷಧವಲ್ಲ.

ಹಿತ್ತಲಿನ ವ್ಯವಸಾಯ

ಪಾನಕಕ್ಕೆ ಬೇಕಾದ ಸೊಪ್ಪನ್ನು ಪೇಟೆಯಿಂದ ತರುವುದಾದರೆ ಈ ಪದ್ಧತಿಯು ಒಂದು ವಾರದಲ್ಲಿಯೇ ನಿಂತುಹೋಗುವುದು. ಮನೆಯ ಹಿಂದೆ ಅರ್ಧ ಗುಂಟೆ ಜಾಗವಿದ್ದರೆ ಸೊಪ್ಪಿನೊಡನೆ ಹಣ್ಣಿನ ಒಂದು ಭಾಗವೂ ಅಲ್ಲಿಯೇ ದೊರೆಯುವುದು.

ಎರಡು ನುಗ್ಗೆ ಗಿಡಗಳನ್ನು ನೀರು ನಿಲ್ಲದ ಕಡೆ ನೆಡಬೇಕು. ಬೀಜದಿಂದ ಬೆಳೆಸುವುದಾದರೆ ಪೆರಿಯಕುಳಂನಲ್ಲಿ ತಯಾರಾದ ಪಿ.ಕೆ.ಎಂ. 1 ತಳಿಯು ಪ್ರಸಿದ್ಧವಾದುದು. ಗಿಡವು ಸೊಂಟದೆತ್ತರಕ್ಕೆ ಬಂದೊಡನೆ ತುದಿಯನ್ನು ಚಿವುಟಿ, ಮುಂದೆಯೂ ಆಗಾಗ್ಗೆ ಸವರುತ್ತಿದ್ದರೆ ಕವಲೊಡೆದು ಎಳೆಯ ಸೊಪ್ಪು ಕೈಗೆಟುಕುವಂತೆ ಇರುತ್ತದೆ. ಬಚ್ಚಲ ನೀರು ಹರಿಯುವ ಕಡೆ ಮೂರು ನಾಲ್ಕು ಬಾಳೆಯನ್ನು ಇಡಬಹುದು. ಎರಡು ಮೂರು ಪರಂಗಿ ಗಿಡ, ಒಂದು ನಿಂಬೆಗಿಡ, ಒಂದು ಬಸಳೆಯ ಚಪ್ಪರ ಇವಿಷ್ಟಕ್ಕೂ ಸ್ಥಳವಾಗುತ್ತದೆ.

ಹರಿವೆಗೆ ಮೂರು ಮೀಟರು ಉದ್ದ, ಒಂದು ಮೀಟರು ಅಗಲದ ಎರಡು ಮಡಿಗಳು ಸಾಕು. ಬೀಜವು ಬಹಳ ಸಣ್ಣದಾದುದರಿಂದ ಮರಳಿನೊಡನೆ ಬೆರೆಸಿ ತೆಳುವಾಗಿ ಬಿತ್ತಬೇಕು. ಎರಡನೆಯ ಮಡಿಯನ್ನು ಹತ್ತು ಹನ್ನೆರಡು ದಿನ ತಡೆದು ಬಿತ್ತಿದರೆ ಸೊಪ್ಪು ಒಂದೇ ಸಲ ಬಲಿತುಹೋಗದೆ ಸರದಿಯಾಗಿ ಒದಗುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ಸುಗುಣ ತಳಿಯನ್ನು ಕಿತ್ತುಹಾಕದೆ ಬುಡ ಬಿಟ್ಟು ಕುಯ್ದರೆ, ಪುನಃ ಚಿಗುರಿ ಅನೇಕ ಕುಯ್ಲುಗಳನ್ನು ಕೊಡುತ್ತದೆ. ಈ ಮಡಿಗಳಿಗೆ ಚೆನ್ನಾಗಿ ಕಳಿತ ಗೊಬ್ಬರವನ್ನೇ ಹಾಕಬೇಕು. ಹಸಿ ಸಗಣಿಯನ್ನು ಹಾಕಕೂಡದು.

ಉಪಸಂಹಾರ

ತಮ್ಮ ಭೂಮಿಯಲ್ಲಿ ಬೆಳೆದ ಸೊಪ್ಪು ಹಣ್ಣುಗಳನ್ನೆಲ್ಲಾ ಮುಂಜಾನೆಯೇ ಪೇಟೆಗೆ ಕಳುಹಿಸಿ, ಬಂದ ಹಣದಲ್ಲಿ ಮಕ್ಕಳಿಗೆ ಬಿಸ್ಕತ್ತನ್ನೂ ಬಣ್ಣದ ಪಾನೀಯಗಳನ್ನೂ ಕೊಳ್ಳುವ ಪದ್ಧತಿಯು ಹಳ್ಳಿಗಳಲ್ಲಿ ಹಬ್ಬುತ್ತಿದೆ. ಇದರಲ್ಲಿ ಹಣವೂ ನಷ್ಟ, ಆರೋಗ್ಯವೂ ನಷ್ಟ. ಗ್ರಾಮದ ಮುಖಂಡರೂ ಜಮೀನುದಾರರೂ ಮೊದಲು ತಮ್ಮ ಮನೆಯಲ್ಲಿ ಈ ಪಾನಕವನ್ನು ಒಂದು ತಿಂಗಳು ನಡೆಸಿ ನೋಡತಕ್ಕದ್ದು. ಅನಂತರ ತಮ್ಮ ಹೊಲಗಳಲ್ಲಿ ದುಡಿಯುವವರ ಮನೆಗಳಿಗೆ ಒಂದೊಂದು ನುಗ್ಗೆಯ ಕೊಂಬೆಯನ್ನೂ ಒಂದು ಹಿಡಿ ಹರಿವೆಯ ಬೀಜವನ್ನೂ ಹಂಚಿ, ಊರಿನ ಶಾಲೆಯ ಆವರಣದಲ್ಲಿ ನಾಲ್ಕು ಗಿಡಗಳನ್ನು ನೆಡಿಸಿದರೆ, ಅಲ್ಪ ವೆಚ್ಚದಲ್ಲಿ ದೊಡ್ಡ ಉಪಕಾರ ಮಾಡಿದಂತಾಗುವುದು. ಮುಂಗಾರಿನ ಮೊದಲ ಮಳೆ ಬಿದ್ದೊಡನೆ ನುಗ್ಗೆಯನ್ನು ನೆಟ್ಟವರಿಗೆ, ಆ ವರ್ಷದ ಬೆಳೆಯು ಮನೆಗೆ ಬರುವ ಹೊತ್ತಿಗೆ ಮಕ್ಕಳ ಲೋಟಕ್ಕೆ ಸೊಪ್ಪೂ ಬಂದಿರುತ್ತದೆ.