ಬಣ್ಣಗಾರನ ಮಗನ ಕಾಣಿಕೆ

ಇಟಲಿಯ ವೆನಿಸ್ ನಗರವು ಹದಿನಾರನೆಯ ಶತಮಾನದಲ್ಲಿ ವ್ಯಾಪಾರಕ್ಕೆ ಹೇಗೋ ಹಾಗೆ ಚಿತ್ರಕಲೆಗೂ ಹೆಸರಾಗಿತ್ತು. ಅಲ್ಲಿ ಬಟ್ಟೆಗೆ ಬಣ್ಣ ಹಾಕಿ ಬದುಕುತ್ತಿದ್ದವನೊಬ್ಬನ ಮಗ ಯಾಕೊಪೊ ರೊಬುಸ್ತಿ. ತಂದೆಯ ಕಸುಬಿನಿಂದ ಅವನಿಗೆ ‘ಟಿಂಟೊರೆಟ್ಟೊ’, ಎಂದರೆ ‘ಪುಟ್ಟ ಬಣ್ಣಗಾರ’ ಎಂಬ ಹೆಸರು ಬಂದಿತು. ಅಂದಿನ ಚಿತ್ರಕಾರನು ಬಡಗಿ, ಅಕ್ಕಸಾಲಿಗರಂತೆ ಒಬ್ಬ ಕುಶಲಕರ್ಮಿ. ಹಣ ಕೊಡುವವರು ವಿಷಯವನ್ನು ಗೊತ್ತುಮಾಡುವರು. ಕರಡನ್ನು ನೋಡಿ ಒಪ್ಪುವರು. ಒಪ್ಪಿದಂತೆ ಅವನು ಬರೆದುಕೊಡಬೇಕು. ಮಿಂಚಿನ ವೇಗದಲ್ಲಿ ಕುಂಚವಾಡಿಸುತ್ತಿದ್ದ ಟಿಂಟೊರೆಟ್ಟೊವಿಗೆ ಈ ಕಟ್ಟುಪಾಡು ಒಗ್ಗುವಂತಿರಲಿಲ್ಲ.

ಆ ನಗರದಲ್ಲಿ ಸಂತ ರೋಕನ ಹೆಸರಿನಲ್ಲಿ 1478ರಲ್ಲಿ ಸ್ಥಾಪಿತವಾದ ಒಂದು ಸಂಘವಿತ್ತು. ರೋಕನು ಪ್ಲೇಗಿನಿಂದ ಕಾಪಾಡುವ ಸಂತನೆಂದು ಜನರ ನಂಬಿಕೆ. 1564ರಲ್ಲಿ ಸಂಘದವರು ತಮ್ಮ ಸಭಾಕೊಠಡಿಯ ಮೇಲ್ಛಾವಣಿಗೆ ಚಿತ್ರ ಬರೆಯಿಸಲು ನಿಶ್ಚಯಿಸಿ, ಕೆಲವು ಪ್ರಸಿದ್ಧ ಚಿತ್ರಕಾರರಿಂದ ಕರಡುಗಳನ್ನು ಕೇಳಿದರು. ಮುಂದೆ ನಡೆದುದನ್ನು ಸಮಕಾಲೀನ ಲೇಖಕ ವಸಾರಿ ಹೀಗೆ ವರ್ಣಿಸಿದ್ದಾನೆ. ಉಳಿದವರು ಕರಡುಗಳಲ್ಲಿ ತೊಡಗಿದ್ದಾಗ ಟಿಂಟೊರೆಟ್ಟೊ ಜಾಗವನ್ನು ಅಳೆದುಕೊಂಡು ಪೂರ್ಣಚಿತ್ರವನ್ನೇ ಬರೆದು, ಯಾರಿಗೂ ತಿಳಿಯದಂತೆ ಛಾವಣಿಗೆ ಕೂರಿಸಿಬಿಟ್ಟನು. ಸಂಘದವರು ಕೆರಳಿದರು. ತನಗೆ ತಿಳಿದಿರುವ ಕರಡು ಇಂಥದೇ ಎಂದು ಅವನು ಉತ್ತರಿಸಿದನು. ಬೆಲೆ ಕೊಡಲು ಇಷ್ಟವಿಲ್ಲದಿದ್ದರೆ ಅದನ್ನು ಕಾಣಿಕೆಯಾಗಿ ಒಪ್ಪಿಸುವೆನೆಂದನು. ಸಂತನಿಗೆ ಅರ್ಪಿಸಿದುದನ್ನು ನಿರಾಕರಿಸಲು ಸಂಘದ ನಿಯಮ ಅವಕಾಶ ಕೊಡುತ್ತಿರಲಿಲ್ಲ. ಚಿತ್ರವು ಅಲ್ಲಿಯೇ ಉಳಿಯಿತು.

ಇದು ನ್ಯಾಯವೆ? ನಿಯಮಕ್ಕೆ ತಲೆಬಾಗಿ ಕರಡು ಸಿದ್ಧಪಡಿಸಿದವರ ಶ್ರಮವೆಲ್ಲ ವ್ಯರ್ಥವಾಯಿತು. ಅವರ ಕೋಪವನ್ನು ತಪ್ಪೆನ್ನಲಾಗದು. ಟಿಂಟೊರೆಟ್ಟೊವಿನ ದಾನದಲ್ಲಿ ಭಕ್ತಿಯೊಡನೆ ಜಾಣತನವೂ ಬೆರೆತಿತ್ತು. ಆದರೆ ಕಾಣಿಕೆಯಿಂದ ಬಾಗಿಲು ತೆರೆಯಬಹುದೇ ಹೊರತು, ಒಳಗೆ ನೆಲೆ ನಿಲ್ಲಲು ಯೋಗ್ಯತೆಯೇ ಬೇಕು. 1565ರಲ್ಲಿ ಅವನು ಸಂಘದ ಸದಸ್ಯನಾದನು. ಅದೇ ವರ್ಷ ಆ ಕೊಠಡಿಯ ಗೋಡೆಯ ಮೇಲೆ, ಸುಮಾರು 12 ಮೀಟರು ಅಗಲದ ‘ಶಿಲುಬೆಯ ಮರಣ’ ಚಿತ್ರವು ಮೂಡಿತು. ನಡುವೆ ಯೇಸುವಿನ ಶಿಲುಬೆ. ಕೆಳಗೆ ದುಃಖದಿಂದ ಕುಸಿದ ಬಂಧುಗಳು. ಪಕ್ಕದಲ್ಲಿ ಕಳ್ಳನೊಬ್ಬನ ಶಿಲುಬೆಯನ್ನು ಹಗ್ಗದಿಂದ ಎಳೆದು ನಿಲ್ಲಿಸುತ್ತಿರುವ ಕೂಲಿಗಳು. ಮಹಾದುಃಖದ ನಡುವೆಯೂ ಲೋಕದ ದುಡಿಮೆ ನಿಲ್ಲದೆಂಬುದನ್ನು ಬಣ್ಣಗಾರನ ಮಗನು ಕಂಡಿದ್ದನು.

1575ರಿಂದ 1577ರವರೆಗೆ ವೆನಿಸ್ ನಗರವು ಪ್ಲೇಗಿಗೆ ತತ್ತರಿಸಿತು. 1576ರಲ್ಲಿ ಟಿಂಟೊರೆಟ್ಟೊ ಮೇಲಂತಸ್ತಿನ ಸಭಾಂಗಣದ ಛಾವಣಿಗೆ ಇನ್ನೊಂದು ದೊಡ್ಡ ಚಿತ್ರವನ್ನು ಕಾಣಿಕೆಯಾಗಿ ನೀಡಿದನು. ಹಾವು ಕಚ್ಚಿ ಸಾಯುತ್ತಿದ್ದ ಜನರನ್ನು ಮೋಸೆಸನು ಕಂಚಿನ ಸರ್ಪವನ್ನು ಎತ್ತಿ ಬದುಕಿಸಿದ ಕಥೆ ಅದರ ವಿಷಯ. ಸಾವಿನ ಮನೆಯಾಗಿದ್ದ ಊರಿಗೆ ಅದು ಎಂಥ ಧೈರ್ಯ ತಂದಿರಬೇಕು! 1577ರಲ್ಲಿ ಅವನೊಂದು ಒಪ್ಪಂದವನ್ನು ಮುಂದಿಟ್ಟನು: ವರ್ಷಕ್ಕೆ ಮೂರು ಚಿತ್ರಗಳನ್ನು ತಾನು ಕೊಡುವುದು, ಜೀವಮಾನವಿಡೀ ವರ್ಷಕ್ಕೆ 100 ಡುಕಾಟುಗಳನ್ನು ಸಂಘವು ಕೊಡುವುದು. ಸಂಘವು ಒಪ್ಪಿತು. ಅಲ್ಲಿಂದ ಅವನಿಗೆ ಪ್ರತಿ ಚಿತ್ರಕ್ಕೂ ಸ್ಪರ್ಧೆಯಿಲ್ಲ, ಚೌಕಾಸಿಯಿಲ್ಲ.

ಹೀಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ದುಡಿದು, ಅವನು ಆ ಕಟ್ಟಡವನ್ನು ಚಿತ್ರಗಳಿಂದ ತುಂಬಿದನು. 1594ರಲ್ಲಿ ತೀರಿಕೊಂಡನು. ಅವನು ಬಿಟ್ಟುಕೊಟ್ಟುದು ಹಣ. ಪಡೆದುದು ಮನಬಂದಂತೆ ಬರೆಯಲು ವಿಶಾಲವಾದ ಗೋಡೆಗಳು. ಆದರೆ ಆ ಸ್ವಾತಂತ್ರ್ಯವನ್ನು ಅವನು ವಿಶ್ರಾಂತಿಗೆ ಬಳಸದೆ ದುಡಿಮೆಗೆ ಬಳಸಿದನು. ಅವನ ಕಾಣಿಕೆಯ ಬೆಲೆ ತಿಳಿಯುವುದು ಇಲ್ಲಿಯೇ.